ದ್ಯಾವಪ್ಪನ ತೂಕ

ನನ್ನ ಮೈದುನ ದ್ಯಾವಪ್ಪ ವಿಮಾನ ಕಟ್ಟಿದ್ದ. ಈ ಮಾತು ತೆಗೆದರೆ ಸುರಪುರದ ಸಂತೆಯಲ್ಲಿ ಇವತ್ತಿಗೂ ನಗುವವರಿದ್ದಾರೆ. ನಗಲಿ, ನನಗೇನು. ನಗುವವರಲ್ಲಿ ಒಬ್ಬರೂ ಆ ದಿನ ಗುಡ್ಡದ ಮೇಲೆ ಇರಲಿಲ್ಲ.

ನಾವು ಕೃಷ್ಣೆಯ ದಂಡೆಯ ಜನ. ಹರಗೋಲು ಕಟ್ಟುವುದು, ಅದರಲ್ಲಿ ಮಂದಿಯನ್ನೂ ಕುರಿಗಳನ್ನೂ ಹೊಳೆ ದಾಟಿಸುವುದು ನಮ್ಮ ಕಸುಬು. ನನ್ನ ಗಂಡ ರಾಮಣ್ಣ ಹಿರಿಯವನು, ಹುಟ್ಟು ಹಾಕುವುದರಲ್ಲಿ ಗಟ್ಟಿಗ. ದ್ಯಾವಪ್ಪ ಕಿರಿಯವನು, ಕಟ್ಟುವುದರಲ್ಲಿ ಗಟ್ಟಿಗ. ಬಿದಿರು ಸೀಳಿ, ಬುಟ್ಟಿಯ ಹಾಗೆ ಹೆಣೆದು, ಮೇಲೆ ತೊಗಲು ಹೊಲಿದು ಅವನು ಮುಗಿಸಿದ ಹರಗೋಲಿಗೆ ಶಹಾಪುರದ ಕಡೆಯಿಂದಲೂ ಜನ ಬರುತ್ತಿದ್ದರು. ಅವನ ಹೆಂಡತಿ ಮಲ್ಲಿಕಮ್ಮ ನನ್ನ ನೆಗೆಣ್ಣಿ. ನಮ್ಮದು ಒಂದೇ ಅಂಗಳ, ಎರಡು ಒಲೆ.

ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಏನಿದ್ದರೂ ನನಗೆ ಹೇಳಬೇಕು, ನಾನು ಗಂಡನಿಗೆ ಮುಟ್ಟಿಸಬೇಕು. ಇಬ್ಬರೂ ಎದುರುಬದುರು ಕೂತಿದ್ದರೂ ಮಾತು ನನ್ನ ಬಾಯಿಂದಲೇ ಹಾಯಬೇಕು. ಮದುವೆಯಾಗಿ ಬಂದಾಗಿನಿಂದ ಮಲ್ಲಿಕಮ್ಮ ನನ್ನ ಗಂಡನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಆಡಿ ಆಡಿ ಬಾಯಿ ಸವೆದದ್ದು ನನ್ನದು.

ಅದು ನಿಜಾಮ ಸರಕಾರದ ಕಾಲ. ದೂರದಲ್ಲೆಲ್ಲೋ ಜಂಗು, ದೊಡ್ಡ ಯುದ್ಧ, ನಡೆದಿತ್ತು. ಒಂದು ಬೇಸಿಗೆಯಲ್ಲಿ ಹೈದರಾಬಾದಿನ ಕಡೆಯಿಂದ ಬಂದ ಸಣ್ಣ ವಿಮಾನವೊಂದು ಮಿಷನ್ನು ಕೆಟ್ಟು ನಮ್ಮ ಹೊಳೆಯ ಉಸುಕಿನ ಮೇಲೆ ಇಳಿಯಿತು. ಅದರಿಂದ ಇಬ್ಬರು ಗೋರಾ ಮಂದಿ ಇಳಿದು, ಬೆವರು ಒರೆಸಿಕೊಂಡು, ಕುಡಿಯಲು ನೀರು ಕೇಳಿದರು. ವಿಮಾನವನ್ನು ಗಟ್ಟಿ ನೆಲಕ್ಕೆ ಎಳೆಯಲು ನಮ್ಮ ಗಂಡಸರೇ ಬೇಕಾಯಿತು. ಎಲ್ಲರೂ ಹಗ್ಗ ಹಿಡಿದರೆ ದ್ಯಾವಪ್ಪ ರೆಕ್ಕೆ ಹಿಡಿದ. ಬೆರಳಿನಿಂದ ಬಡಿದು ನೋಡಿದ, ಮೂಸಿ ನೋಡಿದ. ಮರುದಿನ ಅವರು ಮಿಷನ್ನು ಸರಿಮಾಡಿಕೊಂಡು ಹಾರಿ ಹೋದರು. ಊರಿನವರೆಲ್ಲ ಆಕಾಶ ನೋಡುತ್ತ ನಿಂತಿದ್ದಾಗ ಇವನು ತನ್ನ ಕೈ ನೋಡಿಕೊಳ್ಳುತ್ತ ಮನೆಗೆ ಬಂದ.

“ಅದರಾಗ ಏನೂ ಇಲ್ಲ ವೈನಿ,” ಎಂದ. “ಕಟ್ಟಿಗಿ, ಮ್ಯಾಲ ಅರಿವಿ. ಅದೂ ಹರಗೋಲನ.”

ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು. ಮೊದಲ ರೆಕ್ಕೆಗೆ ಹರಗೋಲಿನ ಪದ್ಧತಿಯಂತೆ ಹಸಿ ತೊಗಲು ಬಿಗಿದ. ಅದನ್ನು ನಾಯಿಗಳು ತಿಂದವು. ಎರಡನೆಯದಕ್ಕೆ ಬಟ್ಟೆ ಹಚ್ಚಿ ಡಾಂಬರು ಬಳಿದ. ಅದನ್ನು ಎತ್ತಲು ನಾಲ್ವರು ಬೇಕಾದರು. ಕೊನೆಗೆ ಮಂಜರಪಾಟ ಬಟ್ಟೆ ತಂದು, ಸುರಪುರದಲ್ಲಿ ರಜಾಯಿ ಹೊಲಿಯುವ ಜಹೀರುನ್ನೀಸಾಳಿಂದ ಜೋಡು ಹೊಲಿಗೆ ಹಾಕಿಸಿದ. ಕಂಬಳಿಗೆ ಹಚ್ಚುವಂತೆ ಹುಣಸೆಬೀಜದ ಸರಿ, ಅಂಟು ಗಂಜಿ, ಕಾಯಿಸಿ ಹಚ್ಚಿ ಬಿಸಿಲಿಗಿಟ್ಟ. ಬಟ್ಟೆ ಬಿದಿರಿನ ಮೇಲೆ ಬಿಗಿದುಕೊಂಡು, ಬೆರಳಿನಿಂದ ಬಡಿದರೆ ಬಾರಿಸುವ ಹಲಗೆಯ ಹಾಗೆ ಸದ್ದು ಮಾಡಿತು. ಆ ದಿನ ಅವನು ಖುಷಿಗೆ ಉಣ್ಣುವುದನ್ನೇ ಮರೆತ. ನನ್ನ ಅಡುಗೆ ಹಾಳಾಯಿತು.

ಮಿಷನ್ನು ಇಲ್ಲದೆ ಅದು ಹಾರುತ್ತದೋ ಇಲ್ಲವೋ ಎಂಬುದೇ ಊರಿನ ಮಾತಾಯಿತು. ಕೆಲವರು ದೇವರ ಮೇಲೆ ಹಾಕಿದರು, ಕೆಲವರು ಗಾಳಿಯ ಮೇಲೆ ಹಾಕಿದರು. ಶಹಾಪುರದ ಮದರಸೆಯ ಮಾಸ್ತರರೊಬ್ಬರು ಹೊಳೆ ದಾಟಲು ಬಂದಾಗ ನೋಡಿ, ಇದು ಹಾರುವುದಾದರೆ ನಿಮ್ಮ ಮನೆಯ ಬಿದಿರ ತಟ್ಟಿಯೂ ಹಾರಬೇಕು ಎಂದರು. ಗಾಳಿ ಜೋರಿದ್ದರೆ ತಟ್ಟಿಯೂ ಹಾರುತ್ತದಲ್ಲ ಎಂದು ದ್ಯಾವಪ್ಪ ಕೇಳಿದ. ಊರ ಹಿಂದಿನ ಗುಡ್ಡದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಗಾಳಿಯ ಮೇಲೆ ನಿಂತಿರುತ್ತಿದ್ದವು. ಅವನ್ನು ತೋರಿಸಿ, ಅವಕ್ಕೆ ಯಾವ ಮಿಷನ್ನು ಎನ್ನುತ್ತಿದ್ದ. ಠಾಣೆಯ ಅಮೀನ ಸಾಹೇಬರು ಕುದುರೆ ಏರಿ ಬಂದು, ಇದಕ್ಕೆ ಸರಕಾರದ ಇಜಾಜತ್ತು, ಪರವಾನಗಿ, ಬೇಕೆಂದರು. ಆಮೇಲೆ ವಿಮಾನದ ಸುತ್ತ ಒಮ್ಮೆ ತಿರುಗಿ, ಹಾರಿದರೆ ತಾನೇ ಇಜಾಜತ್ತು, ಹಾರುವ ಮೊದಲು ತಿಳಿಸಿರಿ ಎಂದು ಹೇಳಿ, ಮೀನಿನ ಸಾರು ಉಂಡು ಹೋದರು.

ನನ್ನ ಗಂಡ ಅದು ಹಾರುವುದಿಲ್ಲ ಎಂದ. ನಾನೂ ಹಾರುವುದಿಲ್ಲ ಎಂದೆ. ಇಡೀ ಊರಿನಲ್ಲಿ ಅದು ಹಾರೀತೆಂದು ಹೆದರಿದವಳು ಮಲ್ಲಿಕಮ್ಮ ಒಬ್ಬಳೇ.

ತಾನು ಕೂಡುವುದಕ್ಕೆ ಅವನು ಮುಂಭಾಗದಲ್ಲಿ ಒಂದು ಮಣೆ ಕಟ್ಟಿದ್ದ. ಖಾಲಿ ಇದ್ದಾಗ ವಿಮಾನದ ಬಾಲ ನೆಲಕ್ಕೆ ಹತ್ತಿರುತ್ತಿತ್ತು, ಅವನು ಕೂತರೆ ಮೇಲೇಳುತ್ತಿತ್ತು. ಬೇವಿನ ಕೊಂಬೆಗೆ ಹಗ್ಗದಿಂದ ತೂಗುಬಿಟ್ಟರೆ ಅದು ತಕ್ಕಡಿಯ ದಂಡಿಯಂತೆ ಸಮ ನಿಲ್ಲಬೇಕು ಎನ್ನುತ್ತಿದ್ದ. ಆದರೆ ತಾನೇ ಒಳಗೆ ಕೂತರೆ ದೂರ ನಿಂತು ನೋಡುವವರು ಯಾರು? ಅದಕ್ಕೆ ತನ್ನಷ್ಟೇ ತೂಕದ ಉಸುಕಿನ ಚೀಲ ಬೇಕಾಯಿತು.

ತನ್ನ ತೂಕ ತಿಳಿಯಲು ಅವನು ಯಾದಗಿರಿಯ ಹತ್ತಿ ಗಿರಣಿಯ ಕಾಟಾ ಹುಡುಕಿಕೊಂಡು ಹೋಗಲಿಲ್ಲ. ಸಣ್ಣ ಹರಗೋಲಿನಲ್ಲಿ ಒಬ್ಬನೇ ಕೂತು, ನೀರು ಎಲ್ಲಿಯವರೆಗೆ ಏರಿತೋ ಅಲ್ಲಿ ಹೊರಗಿನಿಂದ ಹೆಂಡತಿಯ ಕೈಯಲ್ಲಿ ಸುಣ್ಣದ ಗೆರೆ ಎಳೆಸಿದ. ಆಮೇಲೆ ತಾನಿಳಿದು ಗೋಣಿಚೀಲವನ್ನು ಅದರಲ್ಲಿಟ್ಟು ಬೊಗಸೆ ಬೊಗಸೆ ಉಸುಕು ತುಂಬಿದ. ನೀರು ಅದೇ ಗೆರೆ ಮುಟ್ಟಿದಾಗ ಚೀಲದ ಬಾಯಿ ಹೊಲಿದ. ಅಷ್ಟು ಹೊತ್ತೂ ಸೊಂಟಮಟ್ಟದ ನೀರಿನಲ್ಲಿ ನಿಂತು ಹರಗೋಲು ಹಿಡಿದವಳು ಮಲ್ಲಿಕಮ್ಮ. ಆ ದಿನ ಆಕೆ ಬಹಳ ನಕ್ಕಳು. ಇನ್ನು ಮೇಲೆ ನೀನು ಸಿಟ್ಟು ಮಾಡಿದರೆ ಈ ಚೀಲದ ಜೊತೆಗೇ ಸಂಸಾರ ಮಾಡುತ್ತೇನೆ, ಇದು ಎದುರು ಮಾತಾಡುವುದಿಲ್ಲ ಎಂದಳು. ಕೆಲಸವಿಲ್ಲದಾಗ ಚೀಲ ಬೇವಿನ ಬುಡದಲ್ಲಿ ಕೂತಿರುತ್ತಿತ್ತು.

ಕಟ್ಟುವುದು ಮುಗಿಯಿತು. ಉಳಿದದ್ದು ಒಂದೇ. ನಮ್ಮಲ್ಲಿ ಹೊಸ ಹರಗೋಲು ನೀರಿಗಿಳಿಯುವ ಮೊದಲು ಕಟ್ಟಿದವನ ಹೆಂಡತಿ ಅರಿಷಿಣದ ಕೈಯನ್ನು ಅದರ ಅಂಚಿಗೆ ಒತ್ತಬೇಕು. ಕೈ ಒತ್ತದ ಹರಗೋಲನ್ನು ಯಾವ ಗಂಡಸೂ ಏರುವುದಿಲ್ಲ. ದ್ಯಾವಪ್ಪ ಅರಿಷಿಣದ ಬಟ್ಟಲು ತಂದು ಹೆಂಡತಿಯ ಮುಂದಿಟ್ಟ. ಆಕೆ ಒತ್ತಲಿಲ್ಲ. ನಮ್ಮ ಮಂದಿ ಹೊಳೆಯಲ್ಲಿ ಸಾಯುತ್ತಾರೆ, ಅದು ನನಗೆ ತಿಳಿಯುತ್ತದೆ, ಆಕಾಶದಿಂದ ಬಿದ್ದು ಸಾಯುವುದಕ್ಕೆ ನಾನು ಕೈ ಕೊಡುವುದಿಲ್ಲ ಎಂದಳು.

ಅವನು ಬೈಯಲಿಲ್ಲ. ಆಕೆಗೆ ಹೇಳದೆ ಗುಡ್ಡಕ್ಕೆ ಒಯ್ದು ಹಾರಬಹುದಿತ್ತು, ಅದನ್ನೂ ಮಾಡಲಿಲ್ಲ. ಹಬ್ಬ ಬಂದಾಗೊಮ್ಮೆ ಬಟ್ಟಲು ತಂದಿಡುತ್ತಿದ್ದ. ಆಕೆ ಅದೇ ಅರಿಷಿಣ ತೆಗೆದು ಸಾರಿಗೆ ಹಾಕುತ್ತಿದ್ದಳು. ಹೀಗೆ ಎರಡು ವರ್ಷ ಹೋದವು. ಅವನು ಮತ್ತೆ ಹರಗೋಲು ಕಟ್ಟಿದ, ಮೀನು ಹಿಡಿದ. ವಿಮಾನ ಅಂಗಳದ ಚಪ್ಪರದ ಕೆಳಗೆ ನಿಂತೇ ಇತ್ತು. ಕೋಳಿಗಳು ಅದರ ನೆರಳಿನಲ್ಲಿ ತತ್ತಿ ಇಡುತ್ತಿದ್ದವು.

ಎರಡನೆಯ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಆಕಾಶದಿಂದ ಬೀಳಲಿಲ್ಲ, ಹೊಳೆಯಲ್ಲಿ ಮುಳುಗಲಿಲ್ಲ, ಮನೆಯ ಚಾಪೆಯ ಮೇಲೆ ಸೊರಗಿ ಸೊರಗಿ ಹೋದ. ಅವನನ್ನು ಹೊರಗೆ ತರುವಾಗ ಇನ್ನೊಬ್ಬರು ಕೈ ಹಚ್ಚಬೇಕಾಗಲಿಲ್ಲ. ನನ್ನ ಗಂಡ ಒಬ್ಬನೇ ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಬಂದ.

ಮಲ್ಲಿಕಮ್ಮ ಅಳಲಿಲ್ಲ. ಬಳೆ ಒಡೆಯುವಾಗ, ಅವು ಬೇರೆ ಯಾರದೋ ಕೈಗಳು ಎನ್ನುವ ಹಾಗೆ, ಎರಡೂ ಕೈ ಮುಂದೆ ಹಿಡಿದಳು. ಬಂದ ಹೆಂಗಸರು ಆಕೆಯನ್ನು ತಬ್ಬಿ ಎದೆ ಬಡಿದುಕೊಂಡರೆ ಆಕೆ ಅವರ ಬೆನ್ನು ಸವರಿದಳು. ಉಣ್ಣು ಎಂದರೆ ಉಂಡಳು, ಮಲಗು ಎಂದರೆ ಮಲಗಿದಳು. ಜೋಳ ಬೀಸುತ್ತ ಕೂತರೆ ಕಾಳು ಮುಗಿದ ಮೇಲೂ ಬೀಸುಕಲ್ಲು ತಿರುಗುತ್ತಲೇ ಇರುತ್ತಿತ್ತು. ಹೋಗಿ ನಾನೇ ಕೈ ಹಿಡಿದು ನಿಲ್ಲಿಸಬೇಕು. ನನಗೆ ಸಿಟ್ಟು ಬರುತ್ತಿತ್ತು. ಒಂದು ಸಲ ಬಾಯಿಬಿಟ್ಟು ಅತ್ತುಬಿಡಬಾರದೇ ಎಂದು ಗದರಿದೆ. ಆಕೆ ಹೂಂ ಎಂದಳು. ನನಗೂ ಒಳಗೆಲ್ಲ ಮರಗಟ್ಟಿದಂತೆ ಇತ್ತು, ಆದರೆ ಒಂದು ಮನೆಯಲ್ಲಿ ಇಬ್ಬರೂ ಹಾಗೆ ಕೂತರೆ ಒಲೆ ಹೊತ್ತಿಸುವವರು ಯಾರು.

ಸತ್ತವನ ಕರ್ಮ ಮುಗಿಸುವ ದಿವಸದ ದಿನ ಬಂತು. ನಮ್ಮಲ್ಲಿ ಹರಗೋಲು ಕಟ್ಟುವವನು ಸತ್ತರೆ, ಅವನ ಕೈ ಕೊನೆಗೆ ಮುಟ್ಟಿದ ಹರಗೋಲನ್ನು ದಿವಸದ ದಿನ ಹೊಳೆಗೆ ಬಿಡುತ್ತಾರೆ. ಅದನ್ನು ಖಾಲಿ ಬಿಡಬೇಕು. ಒಂದು ಹೂವನ್ನೂ ಇಡುವ ಹಾಗಿಲ್ಲ. ಖಾಲಿ ಹೋದರೆ ಮಾತ್ರ ಸತ್ತವನು ಅದರಲ್ಲಿ ಕೂತು ಹೋಗುತ್ತಾನೆ ಎಂದು ನಂಬಿಕೆ. ಜ್ವರ ಏರಿದ ದಿನ ಬೆಳಿಗ್ಗೆ ಕೂಡ ದ್ಯಾವಪ್ಪ ವಿಮಾನದ ರೆಕ್ಕೆಗೆ ಹುಣಸೆಬೀಜದ ಸರಿ ಹಚ್ಚಿದ್ದ. ಅವನ ಕೈ ಕೊನೆಗೆ ಮುಟ್ಟಿದ್ದು ಅದನ್ನೇ. ಹೆಸರು ಏನಾದರಿರಲಿ, ಅದನ್ನೇ ಹೊಳೆಗೆ ಬಿಡೋಣ ಎಂದು ನನ್ನ ಗಂಡ ತೀರ್ಮಾನ ಮಾಡಿದ. ಮಲ್ಲಿಕಮ್ಮನನ್ನು ನಾನು ಕೇಳಿದೆ. ಹೂಂ ಎಂದಳು.

ಆರು ಜನ ಎತ್ತಿದರು. ಇಬ್ಬರು ಸಾಕಾಗಿತ್ತು. ದಂಡೆಯ ಎತ್ತರಕ್ಕೆ ಬಂದಾಗ ಪಡುವಣ ಗಾಳಿ ರೆಕ್ಕೆಯ ಕೆಳಗೆ ಹೊಕ್ಕಿತು. ಹೊತ್ತವರು ತಟ್ಟನೆ ನಿಂತರು. ಅವರ ಹೆಗಲ ಮೇಲೆ ಭಾರವೇ ಇರಲಿಲ್ಲ. ಈಗ ಅವರು ಅದನ್ನು ಹೊತ್ತಿರಲಿಲ್ಲ, ಹೋಗದಂತೆ ಹಿಡಿದುಕೊಂಡಿದ್ದರು. ನನ್ನ ಗಂಡ ಹೊಳೆಯಲ್ಲೇ ಬೆಳೆದವನು. ನೀರು ಹರಗೋಲನ್ನು ಎತ್ತುವಾಗ ಹೇಗಿರುತ್ತದೆ ಎಂದು ಅವನ ಕೈಗೆ ಗೊತ್ತು. ಅವನು ರೆಕ್ಕೆಗೆ ಕೈ ಹಚ್ಚಿ ನೋಡಿದ.

“ಇದು ನೀರಿಗಿ ಹೋಗೂದಲ್ಲ,” ಎಂದ. “ಗುಡ್ಡಕ್ಕ ನಡೀರಿ.”

ಊರಿಗೆ ಊರೇ ಹಿಂದೆ ಹೊರಟಿತು. ದಿವಸಕ್ಕೆ ಬಂದವರ ಮುಖದಲ್ಲಿ ಜಾತ್ರೆಗೆ ಹೊರಟವರ ಕಳೆ ಬಂತು. ಈಗಾದರೂ ಗೊತ್ತಾಗುತ್ತದೆ, ಹಾರುತ್ತದೋ ಇಲ್ಲವೋ ಎಂದು ನನ್ನ ಮುಂದೆಯೇ ಮಾತಾಡಿಕೊಂಡರು. ನಾನು ದಿವಸದ ನೀರಿನ ತಂಬಿಗೆ ಹಿಡಿದುಕೊಂಡು ಹಿಂದೆ ಹೋದೆ. ಮಲ್ಲಿಕಮ್ಮ ನನ್ನ ಪಕ್ಕದಲ್ಲಿ ಏರುತ್ತಿದ್ದಳು. ಅರ್ಧ ದಾರಿಯಲ್ಲಿ ಆಕೆ ತಾನಾಗಿ ಬಾಯಿಬಿಟ್ಟಳು. ಅವನು ಹೋದ ಮೇಲೆ ಆಕೆ ತಾನಾಗಿ ಆಡಿದ ಮೊದಲ ಮಾತು ಅದು.

“ಅಕ್ಕಾ, ಅದು ಬೀಳ್ತದ. ಖಾಲಿ ಬಿಟ್ರ ಬಾಲ ಕೆಳಗಾಗಿ ಬೀಳ್ತದ. ಅಂವ ಮುಂದ ಕುಂತ್ರನ ಅದು ಸಮ.”

ಹಾಗಾದರೆ ಇವರಿಗೆ ಹೇಳಬೇಕಲ್ಲ ಎಂದೆ.

“ಬ್ಯಾಡ. ಬೀಳ್ಲಿ ಅಂತ ಬೇಡಿಕೊಳ್ಳಾಕತ್ತೀನಿ. ಬಿದ್ರ, ಎರಡು ವರ್ಷ ನಾ ಅವನ್ನ ಉಳಿಸಿಕೊಂಡೆ ಅಂತ ಆಗ್ತದ. ಹಾರಿದ್ರ ನಾ ಏನು ಉಳಿಸಿದೆ?”

ದನಿಯಲ್ಲಿ ಏರಿಳಿತವಿರಲಿಲ್ಲ. ಉಪ್ಪು ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು. ಹಾಗಿದ್ದರೆ ಬಾಯಿ ಮುಚ್ಚಿಕೊಂಡಿರು ಎಂದೆ. ಸತ್ತವನಿಗೆ ಇದರಿಂದ ಏನೂ ಆಗುವುದಿಲ್ಲ, ಬದುಕುವವಳು ನೀನು, ಅದು ಬೀಳಲಿ ಎಂದೆ. ಇವತ್ತು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

ಗುಡ್ಡದ ತುದಿಯಲ್ಲಿ ಒಂದು ಚಪ್ಪಟೆ ಬಂಡೆ. ಕೆಳಗೆ ಜಾಲಿ ಗಿಡಗಳು, ಆಮೇಲೆ ಹೊಳೆ, ಹೊಳೆಯ ನಡುವೆ ಹುಲ್ಲು ಬೆಳೆದ ನಡುಗಡ್ಡೆ. ಆರು ಜನ ವಿಮಾನವನ್ನು ಗಾಳಿಗೆ ಮುಖ ಮಾಡಿ ಹಿಡಿದರು. ಅದರ ಬಾಲ ಬಂಡೆಗೆ ಹತ್ತಿ ಉಜ್ಜುತ್ತಿತ್ತು. ನನ್ನ ಗಂಡ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತಮ್ಮನ ಹೆಸರು ಹಿಡಿದು ಕರೆದು, ಹೋಗಿ ಬಾರಪ್ಪ ಎಂದ. ಇನ್ನೇನು ಬಿಡಿರಿ ಎನ್ನಬೇಕು.

“ಭಾವಾ, ಖಾಲಿ ಬಿಡಬ್ಯಾಡ್ರಿ.”

ಯಾರು ಮಾತಾಡಿದರೆಂದು ನನಗೇ ತಕ್ಷಣ ತಿಳಿಯಲಿಲ್ಲ. ಮಲ್ಲಿಕಮ್ಮ ಅವನ ಎದುರು ಹೋಗಿ ನಿಂತಿದ್ದಳು. ತಲೆಯ ಮೇಲಿನ ಸೆರಗು ಗಾಳಿಗೆ ಹಾರಿ ಹೆಗಲಿಗೆ ಬಿದ್ದಿತ್ತು. ನನ್ನ ಗಂಡ ಗಾಬರಿಯಿಂದ ನನ್ನ ಕಡೆ ನೋಡಿದ, ಮಾತು ನನ್ನ ಬಾಯಿಂದ ಬರಬೇಕಾಗಿತ್ತಲ್ಲ ಎನ್ನುವಂತೆ.

“ಅದು ಅವನ ತೂಕಕ್ಕ ಕಟ್ಟಿದ್ದದ,” ಎಂದಳು ಆಕೆ. “ಬೇವಿನ ಬುಡಕ ಚೀಲ ಅದ. ಅದು ಅಂವನ. ತರಸ್ರಿ.”

ಹಿರಿಯರೊಬ್ಬರು ಅಡ್ಡ ಬಂದು, ದಿವಸದ ಹರಗೋಲು ಖಾಲಿಯೇ ಹೋಗಬೇಕು, ನಮ್ಮ ಅಜ್ಜಂದಿರಿಂದ ಹಾಗೇ ನಡೆದಿದೆ ಎಂದರು. ನನ್ನ ಗಂಡ ಅವರ ಮಾತನ್ನು ಪೂರ್ತಿ ಕೇಳಿದ. ಆಮೇಲೆ ಇಬ್ಬರನ್ನು ಕೆಳಗೆ ಕಳಿಸಿದ.

ಅವರು ಚೀಲವನ್ನು ಬೊಂಬಿಗೆ ಕಟ್ಟಿ ಹೊತ್ತು, ಏದುಸಿರು ಬಿಡುತ್ತ ಬಂದರು. ದ್ಯಾವಪ್ಪ ಇಷ್ಟು ಭಾರ ಇದ್ದನೇ ಎಂದು ಅವರಲ್ಲೊಬ್ಬ ಕೇಳಿದ. ನಾವೆಲ್ಲ ಚಾಪೆಯ ಮೇಲಿನ ದ್ಯಾವಪ್ಪನನ್ನು ನೋಡಿ ನೋಡಿ ಇನ್ನೊಬ್ಬನನ್ನು ಮರೆತುಬಿಟ್ಟಿದ್ದೆವು. ಎತ್ತಿ ಕೊಡಲು ಬಂದವರನ್ನು ಮಲ್ಲಿಕಮ್ಮ ಸರಿಸಿದಳು. ಚೀಲವನ್ನು ಎರಡೂ ಕೈ ಬಳಸಿ ಎದೆಗೆ ಅವಚಿ ಎತ್ತಿದಳು. ಭಾರಕ್ಕೆ ಬಗ್ಗಿದಳು, ಆದರೆ ಬಿಡಲಿಲ್ಲ. ಹಾಗೇ ಸ್ವಲ್ಪ ಹೊತ್ತು ನಿಂತಳು. ಅದು ಜ್ವರ ಬರುವ ಮೊದಲಿನ ಗಂಡ. ಆಕೆಯ ತೋಳಿಗೆ ಆ ಭಾರದ ಗುರುತು ಸಿಕ್ಕಿತೆಂದು ನನಗೆ ಮುಖ ನೋಡಿದರೆ ಗೊತ್ತಾಯಿತು. ಆಮೇಲೆ ಅದನ್ನು ಮಣೆಯ ಮೇಲೆ ಕೂಡಿಸಿ, ಉಡಿಯಲ್ಲಿ ತಂದಿದ್ದ ದ್ಯಾವಪ್ಪನ ರುಮಾಲಿನಿಂದ ಬಿಗಿದಳು. ಬಾಲ ಬಂಡೆಯಿಂದ ಮೇಲೆದ್ದಿತು. ವಿಮಾನ ಹಿಡಿದವರ ಕೈಯಲ್ಲಿ ಸಮ ನಿಂತಿತು.

ಆಕೆ ನನ್ನ ಕಡೆ ತಿರುಗಿ ಬಲಗೈ ಚಾಚಿದಳು. ಅರಿಷಿಣ ಇನ್ನು ಆಕೆಗೆ ಸಲ್ಲದು. ನಾನು ತಂಬಿಗೆಯ ನೀರು ಹೊಯ್ದೆ. ಆಕೆ ಒದ್ದೆ ಕೈಯನ್ನು ರೆಕ್ಕೆಯ ಅಂಚಿಗೆ ಒತ್ತಿದಳು. ಮಂಜರಪಾಟದ ಮೇಲೆ ಐದೂ ಬೆರಳು ಮೂಡಿದವು. ಗಾಳಿಗೆ ಕಿರುಬೆರಳಿನ ಕಡೆಯಿಂದ ಒಣಗತೊಡಗಿತು. ಪೂರ್ತಿ ಒಣಗುವ ಮೊದಲೇ ನನ್ನ ಗಂಡ ಬಿಡಿರಿ ಎಂದ.

ಅದು ಬಂಡೆ ಬಿಟ್ಟೊಡನೆ ಕೆಳಗಿಳಿದು ಕಣ್ಮರೆಯಾಯಿತು. ಮುಗಿಯಿತು ಎಂದುಕೊಂಡೆ, ನನಗೆ ಸಮಾಧಾನವೇ ಆಯಿತು. ಆಮೇಲೆ ಅದು ದೂರದಲ್ಲಿ, ಜಾಲಿ ಗಿಡಗಳ ಆಚೆ, ಸಮನಾಗಿ ಕಾಣಿಸಿಕೊಂಡಿತು. ಸದ್ದಿರಲಿಲ್ಲ. ಅದರ ನೆರಳು ದಂಡೆಯನ್ನು ದಾಟಿ ನೀರಿನ ಮೇಲೆ ಹೋಯಿತು. ಒಂದು ಹದ್ದು ಅದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು. ಕೂಗಬೇಕೆಂದು ಬಂದ ಜನ ಕೂಗಲಿಲ್ಲ, ಬಾಯಿ ತೆರೆದುಕೊಂಡು ನಿಂತಿದ್ದರು. ಅದು ನಡುಗಡ್ಡೆಯ ಹುಲ್ಲಿನ ಮೇಲೆ ಇಳಿದು, ಸ್ವಲ್ಪ ದೂರ ಜಾರಿ, ಒಂದು ರೆಕ್ಕೆ ಊರಿಕೊಂಡು ನಿಂತಿತು.

ಹಾರಿತು ಎಂದಳು ಮಲ್ಲಿಕಮ್ಮ. ಹೂಂ ಎಂದೆ ನಾನು.

ಇಳಿಯುವಾಗ ಜನರಿಗೆ ಮಾತು ಬಂತು. ಹಾರಿದ್ದೇನೋ ಹೌದು, ಆದರೆ ಒಳಗೆ ಮನುಷ್ಯ ಇದ್ದಿದ್ದರೆ ಆ ಇಳಿತಕ್ಕೆ ಕತ್ತು ಮುರಿಯುತ್ತಿತ್ತು ಎಂದು ಕೆಲವರು ಹೇಳಿದರು. ನಾನು ಅವರ ಪಕ್ಷ ಹಿಡಿದೆ, ಮಲ್ಲಿಕಮ್ಮನಿಗೆ ಕೇಳುವಂತೆ ಜೋರಾಗಿಯೇ ಹಿಡಿದೆ. ನನ್ನ ಗಂಡ ಹರಗೋಲು ಬಿಚ್ಚಿ ಒಬ್ಬನೇ ನಡುಗಡ್ಡೆಗೆ ಹೋದ. ಹೊಳೆಯಲ್ಲಿ ಇನ್ನೂ ಸೆಳವಿತ್ತು. ನಾವು ದಂಡೆಯ ಮೇಲೆ ಕೂತು ಕಾದೆವು.

ಅವನು ಬಂದವನು ಚೀಲವನ್ನು ಹೆಗಲ ಮೇಲೆ ಹೊತ್ತು ತಂದು ಮಲ್ಲಿಕಮ್ಮನ ಮುಂದೆ ಇಳಿಸಿದ. ಅವನು ಅದನ್ನು ಹೊಳೆಗೆ ಸುರಿದು, ಒಡೆದುಹೋಗಿತ್ತು ಎಂದು ಹೇಳಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಆದರೆ ಅವನು ಮೊದಲ ಸಲ ಆಕೆಯ ಮುಖ ನೋಡಿ ಮಾತಾಡಿದ.

“ಚೀಲ ಒಡದಿಲ್ಲ ತಂಗಿ,” ಎಂದ. “ಒಂದು ಹೊಲಿಗಿನೂ ಬಿಚ್ಚಿಲ್ಲ.”

ಆಕೆ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಅದು ದ್ಯಾವಪ್ಪ ಹಾಕಿದ ಹೊಲಿಗೆ. ಹಿರಿಯರು, ದಿವಸ ಮುಗಿಯಬೇಕಲ್ಲ, ಉಸುಕನ್ನಾದರೂ ಹೊಳೆಗೆ ಹಾಕಿರಿ ಎಂದರು. ನನ್ನ ಗಂಡ ಚೀಲ ಎತ್ತಲು ಬಗ್ಗಿದ. ಮಲ್ಲಿಕಮ್ಮ ಅದರ ಮೇಲೆ ಕೈ ಇಟ್ಟಳು.

“ಇರ್ಲಿ ಭಾವಾ,” ಎಂದಳು. “ಹಾರಿ ಬಂದಾನ, ದಣದಾನ. ಕುಂದರ್ಲಿ.”

ಆಗ ಅತ್ತವಳು ನಾನು. ಆಕೆ ಚೀಲಕ್ಕೆ ಹತ್ತಿದ ಹುಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ಕೀಳುತ್ತ ಕೂತಿದ್ದಳು.